ಒಂದು ಹೊಡೆತ ಗುಹ್ಯಕ್ಕೆ, ಎರಡು ಕರಡಿಗೋಡಿಗೆ

ಸಿದ್ದಾಪುರದ ಸಂತೆಮಾಳದ ಹಿಂದೆ, ಇಳಿಜಾರಲ್ಲಿ ನಮ್ಮ ಇಗರ್ಜಿ.
ಅದರ ಗಂಟೆಗೆ ನಾನು ಆಳು, ಇಪ್ಪತ್ತೆರಡು ವರ್ಷದಿಂದ.
ಬೆಳಗ್ಗೆ ಆರಕ್ಕೆ, ಹಗಲು ಹನ್ನೆರಡಕ್ಕೆ, ಸಂಜೆ ಆರಕ್ಕೆ,
ಮದುವೆಗೆ ಓಡೋಡಿ, ಸಾವಿಗೆ ತಡೆತಡೆದು.
ಹಗ್ಗಕ್ಕೆ ಗೊತ್ತಿದ್ದದ್ದು ಇಷ್ಟೇ. ನನಗೂ.

ಹೊಸ ಫಾದರ್ ಬಂದರು, ಆರೋಗ್ಯನಾಥ,
ಕೊಳ್ಳೇಗಾಲದ ಕಡೆಯವರು, ಮೂರು ಹೊತ್ತೂ ಮಫ್ಲರು.
ಮೊದಲ ಭಾನುವಾರ ತಲೆ ಎಣಿಸಿದರು: ಮೂವತ್ತೊಂದು.
ಉಳಿದವರು ಎಲ್ಲಿ ಅಂತ ಕೇಳಲಿಲ್ಲ.
'ಈ ಊರಿಗೆ ಎಷ್ಟು ಗಂಟೆಗೆ ಹೆದರಿಕೆ, ಲಿಗೋರಿ?' ಅಂದರು.

ಏಳಕ್ಕೆ, ಫಾದರ್.
ಲೈನ್‌ಮನೆಯಿಂದ ಹೆಂಗಸರು ತೋಟಕ್ಕೆ ಹೊರಡುವ ಹೊತ್ತು,
ಮಂಜು ಇನ್ನೂ ಬೇಲಿ ಬಿಟ್ಟಿರುವುದಿಲ್ಲ,
ಒಳಗೆ ನಿಂತದ್ದು ಬಂಡೆಯೋ ಆನೆಯೋ
ಕಿವಿ ಅಲ್ಲಾಡಿದ ಮೇಲೇ ಗೊತ್ತು.

ಹಾಗೆ ಶುರುವಾಯಿತು. ಫಾರೆಸ್ಟಿನ ಹುಡುಗರು ಫೋನು ಮಾಡಿದರೆ
ಒಂದು ಹೊಡೆತ: ಗುಹ್ಯದ ದಾರಿ ಬೇಡ.
ಎರಡು: ಕರಡಿಗೋಡು, ಹೊಳೆಬದಿ ಬೇಡ.
ಗಾಸ್ಪರ್ ಮಾಮ ಕೊಡೆ ಕುಟ್ಟಿಕೊಂಡು ಬಂದರು,
'ಗಂಟೆ ದೇವರದ್ದು, ಆನೆಯದ್ದಲ್ಲ!'
'ಆನೆ ಯಾರದ್ದು ಮಾಮ?' ಅಂದರು ಫಾದರ್.
ಮಾಮ ಮೂರು ವಾರ ಪೂಜೆಗೆ ಬರಲಿಲ್ಲ.

ಆಮೇಲೆ ಅಂಗಳ. ಸ್ವಂತ ಕಣವಿಲ್ಲದವರೆಲ್ಲ
ಕಾಫಿ ತಂದು ಹರವಿಕೊಂಡರು. ಅಬೂಬಕರನ ಎಂಟು ಚೀಲ,
ಬೊಳ್ಳವ್ವನ ಎರಡೂವರೆ.
ಜನವರಿಯಲ್ಲಿ ಬಲಿಪೂಜೆಗೆ ಬರುವವರು
ಚೆರ್ರಿಯ ನಡುವೆ ಕಾಲು ಸಂದಿಸಿ ಬರಬೇಕು.
ಪಾಪನಿವೇದನೆಯ ಗೂಡಿಗೆ ಕರೆಂಟು ಎಳೆದೆವು,
ಈಗ ಅಲ್ಲಿ ಹನ್ನೊಂದು ಮೊಬೈಲು ನೇತಾಡುತ್ತವೆ.
ಮೊಣಕಾಲೂರುವ ಹಲಗೆಯ ಮೇಲೆ ಕೂತು ಮೊರ್ಜಿನಾ
ಬಾರ್ಪೇಟದ ಅಮ್ಮನ ಹತ್ತಿರ ಜಗಳವಾಡುತ್ತಾಳೆ.
ಭಾಷೆ ತಿಳಿಯದು. ಜಗಳ ತಿಳಿಯುತ್ತದೆ.

ಇಲ್ಲಿಯವರೆಗೆ ಹೇಳುವುದು ಸುಲಭ.

ಕ್ರಿಸ್ಮಸ್ ಕಳೆದ ನಾಲ್ಕನೇ ದಿನ, ನನಗೆ ಜ್ವರವಿರಲಿಲ್ಲ,
ಕುಡಿದಿರಲಿಲ್ಲ. ಸುಮ್ಮನೆ ನಿದ್ದೆ.
ಹನ್ನೊಂದು ಫೋನಿಗೆ ಕರೆಂಟು ಕೊಟ್ಟವನು
ನನ್ನದಕ್ಕೆ ಕೊಟ್ಟಿರಲಿಲ್ಲ.
ಹಗ್ಗ ಸುಮ್ಮನೆ ತೂಗುತ್ತಿತ್ತು.
ಗುಹ್ಯದ ತಿರುವಿನಲ್ಲಿ ಮುತ್ತಿಯ ಗಂಡ ಬೊಳಕನನ್ನು
ಒಂಟಿಸಲಗ ಎತ್ತಿ ಚರಂಡಿಗೆ ಹಾಕಿತ್ತು.
ತೊಡೆ ಮುರಿಯಿತು. ಉಸಿರು ಉಳಿಯಿತು.

ನಿವೇದನೆ ಮಾಡಬೇಕು ಫಾದರ್, ಅಂದೆ.
ಗೂಡಿನಲ್ಲಿ ಜಾಗವಿರಲಿಲ್ಲ. ಮೊರ್ಜಿನಾ ಇದ್ದಳು.
ಅವರು ನನ್ನ ಕೈಗೆ ಕಾಫಿ ಎಳೆಯುವ ಹಲುಬೆ ಕೊಟ್ಟು
ತಾವೂ ಒಂದು ಹಿಡಿದರು.
ಅಬೂಬಕರನ ಚೆರ್ರಿ ಅತ್ತಿಂದಿತ್ತ ಮಗುಚುತ್ತ ಹೇಳಿದೆ,
ಅಳುತ್ತ ಹೇಳಿದೆ, ಸಾಲು ತಪ್ಪಿದಾಗ ಅವರು ತಿದ್ದಿದರು.
ಕೊನೆಗೆ, 'ನಮೋ ಮರಿಯೆ ಆಮೇಲೆ ಹೇಳುವಿಯಂತೆ.
ಮೊದಲು ಮಡಿಕೇರಿಗೆ ಹೋಗು. ಆಸ್ಪತ್ರೆಯಲ್ಲಿ
ಅವನಿಗೆ ಗಂಜಿ ಕುಡಿಸುವವರಿಲ್ಲ.'

ಹದಿನಾರು ದಿನ ಕುಡಿಸಿದೆ. ಬೊಳಕ ಬಯ್ಯಲಿಲ್ಲ,
ಉಪ್ಪು ಕಮ್ಮಿ ಅಂತ ಮಾತ್ರ ಬಯ್ದ.

ಮುತ್ತಿ ಬಂದಳು ಒಂದು ಸಂಜೆ, ಮೆಟ್ಟಿಲ ಕೆಳಗೇ ನಿಂತು,
ಅವಳ ದೈವ ಬೇರೆ, ಅದರ ಕಾಡು ಬೇರೆ.
'ಹಗ್ಗ ತೋರಿಸು' ಅಂದಳು.
'ಒಬ್ಬನ ನಿದ್ದೆಗೆ ಊರು ಕಟ್ಟಬಾರದು.'

ಈಗ ಬಾಗಿಲ ಪಕ್ಕ ಪಟ್ಟಿ ಇದೆ:
ಸೋಮ ನಾನು, ಮಂಗಳ ಮುತ್ತಿ, ಬುಧ ಮೊರ್ಜಿನಾ.
ಗಾಸ್ಪರ್ ಮಾಮ ಹೆಸರು ಬರೆಸಲಿಲ್ಲ.
ಗುರುವಾರ ಮಾತ್ರ ಏಣಿ ಹತ್ತಿ ರಾಟೆಗೆ ಎಣ್ಣೆ ಬಿಡುತ್ತಾರೆ,
ಕೀರಲು ತಮ್ಮ ಕಿವಿಗೆ ಆಗುವುದಿಲ್ಲವಂತೆ.

ಮುತ್ತಿಯ ಹೊಡೆತ ನನ್ನ ಹಾಗಲ್ಲ. ಗಡಸು.
ಸೌದೆ ಒಡೆದ ಕೈ.
ಮಂಗಳವಾರ ಹಾಸಿಗೆಯಲ್ಲಿದ್ದೇ ಕೇಳುತ್ತೇನೆ.
ಕೆಳಗೆ ರಸ್ತೆಯಲ್ಲಿ ಹೆಂಗಸರ ಚಪ್ಪಲಿ ಸದ್ದು ನಿಲ್ಲುತ್ತದೆ.
ಒಂದು.
ಕಾಯುತ್ತಾರೆ. ನಾನೂ.
ಎರಡನೆಯದು ಬರುವುದಿಲ್ಲ.
ಗುಹ್ಯದವರು ಗೋಡೆ ಬದಿ ಕೂತು ಎಲೆಯಡಿಕೆ ಬಿಚ್ಚುತ್ತಾರೆ,
ಕರಡಿಗೋಡಿನವರು ಬುತ್ತಿ ಎತ್ತಿಕೊಂಡು
ನಡೆಯುತ್ತಾರೆ.