ಪ್ರೂಫು

ಅಪ್ಪ ಗದಗಿನ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುತ್ತಿದ್ದ.
ತಿರುವುಮುರುವು ಅಕ್ಷರಗಳ ಮೇಲೆ ನನ್ನ ಬೆರಳಿಟ್ಟು
'ಅಕ್ಷರ ನೋಡು, ಅರ್ಥ ಓದಬ್ಯಾಡ' ಅನ್ನುತ್ತಿದ್ದ.

ರಾಣೆಬೆನ್ನೂರಿನ ಬೀಜದ ಕಂಪನಿಯವರು
ಹುಬ್ಬಳ್ಳಿಗೆ ಬಂದು ಲ್ಯಾಪ್‌ಟಾಪ್ ಬಿಚ್ಚಿದಾಗ
ಚಹಾ ಆರುವುದರೊಳಗೆ ಸಿಕ್ಕಿತು:
ವಿಳಾಸದಲ್ಲಿ ಇಂಗ್ಲಿಷಿನ ಆರ್, ಎನ್
ಮೈಗೆ ಮೈ ಹಚ್ಚಿ ನಿಂತು
ಎಮ್ ಎಂದು ನಂಬಿಸಿದ್ದವು.
ನಲವತ್ತೊಂದು ಲಕ್ಷ.

ಉಳಿದದ್ದು ಮಾಮೂಲು. ಮೂರು ಖಾತೆ ಜಿಗಿದ ಹಣ;
ಒಂದು ಖಾತೆ ಬೆಟಗೇರಿಯ ಹುಡುಗನದು,
ಎರಡು ಸಾವಿರಕ್ಕೆ ಪಾಸ್‌ಬುಕ್ಕು ಬಾಡಿಗೆ ಕೊಟ್ಟಿದ್ದ,
ಅದರಲ್ಲೂ ಐದುನೂರು ಬಾಕಿಯಂತೆ.

ಅಕೌಂಟೆಂಟ್ ಶಂಭುಲಿಂಗ ಕಡ್ಲಿ
ಪೆನ್ನಿನ ಕ್ಯಾಪು ತೆಗೆದು, ಹಾಕಿ, ಮತ್ತೆ ತೆಗೆದು
'ಮೊದಲನೇ ಸಾಲು ಓದ್ರಿ ಮೇಡಮ್ಮಾರ' ಅಂದ.

ಅವ್ವನ ಮೊಣಕಾಲು ಈಗ ಹೇಗಿದೆ?

ಆರು ತಿಂಗಳು ಅವನ ಪತ್ರ ಕದ್ದು ಓದಿದವರು
ರಜೆಯ ಅರ್ಜಿಗಳನ್ನೂ ಬಿಟ್ಟಿರಲಿಲ್ಲ.
'ಇಪ್ಪತ್ತೆರಡು ವರ್ಷ ಆತ್ರಿ ಇಲ್ಲೆ.
ಯಾರೂ ಕೇಳಿದ್ದಿಲ್ಲ.'

ರಾತ್ರಿ ವರದಿಗೆ ಕೂತೆ.
ಕಾರಣ: ಸಿಬ್ಬಂದಿಯ ನಿರ್ಲಕ್ಷ್ಯ.
ಟೈಪಿಸಿದ್ದನ್ನು ಎರಡು ಸಲ ತಿದ್ದಲು ನೋಡಿದೆ.
ಒಂದಕ್ಷರವೂ ತಪ್ಪಿರಲಿಲ್ಲ.
ಹಾಗೇ ಕಳಿಸಿದೆ,
ಅವರು ಹೇಗೆ ಬೇಕೋ ಹಾಗೆ ಓದಿಕೊಳ್ಳಲಿ.