ಬಾಕಿ ಚಿಲ್ಲರೆ

ಫಾರಂನಲ್ಲೊಂದು ಕಲಂ: ಮಗುವಿಗೂ ನಿಮಗೂ ಸಂಬಂಧ.
ಪೆನ್ನು ಅಲ್ಲೇ ನಿಂತಿತು,
ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ನನ್ನ ಬಸ್ಸು ನಿಲ್ಲುತ್ತಿದ್ದ ಹಾಗೆ.
ತಾಯಿ ಅಲ್ಲ. ಚಿಕ್ಕಮ್ಮ, ಸೋದರತ್ತೆ, ಯಾವುದೂ ಅಲ್ಲ.
ಸಮಿತಿಯವರ ಕಾಗದದಲ್ಲಿ
‘ಪೋಷಕರ ಸ್ಥಾನದಲ್ಲಿ’ ಅಂತಿದೆ.
ಸ್ಥಾನ ಅಂದರೆ ಸೀಟು.
ಇಪ್ಪತ್ತೆಂಟು ವರ್ಷ ಎಲ್ಲರನ್ನೂ ಕೂರಿಸಿ
ನಿಂತೇ ಬಂದವಳು ನಾನು.

ಚೆಲುವರಾಜು ಪಕ್ಕದಲ್ಲೇ ಇದ್ದಾನೆ,
ಶರ್ಟಿನ ಮೂರನೇ ಗುಂಡಿ ತಿರುಗಿಸುತ್ತ.
ಒಂಬತ್ತು ವಯಸ್ಸು ಎಂದವರು ಡಾಕ್ಟರು, ಹಲ್ಲು ನೋಡಿ.
ಹೆಸರಿಟ್ಟವನು ಯಶವಂತಪುರ ಸ್ಟೇಷನ್ನಿನ ಪೊಲೀಸಪ್ಪ.

ಮೇಜಿನಾಚೆ ಐದು ಜನ.
ಬಿಸ್ಕತ್ತಿನ ತಟ್ಟೆ ಅವರ ಕಡೆಗೇ.
‘ಗಮನ ಇಲ್ಲ, ಅಕ್ಷರ ಹತ್ತಲ್ಲ,
ಕಿವಿ ಮುಚ್ಚಿಕೊಂಡು ಕೂರ್ತಾನೆ,
ಬೇರೆ ಕಡೆ ನೋಡಿ ಮೇಡಂ, ನಿಮಗೂ ಸುಲಭ.’
ಪುಟ ತಿರುವಿದರು.
ಬಸ್ಸು ಹೊರಟೇಬಿಟ್ಟಿತು,
ಹುಡುಗನ ಒಂದು ಕಾಲು ಇನ್ನೂ ನೆಲದ ಮೇಲೆ.

ಹೋಲ್ಡಾನ್!

ಅಂದುಬಿಟ್ಟೆ. ಹಳೇ ಗಂಟಲು.
ಕಾರಿಡಾರಿನಲ್ಲಿ ನೆಲ ಒರೆಸುತ್ತಿದ್ದ ಆಯಾ ಕೂಡ ನಿಂತಳು.

ಕಾನೂನಿನ ಪುಸ್ತಕ ನನ್ನ ಹತ್ತಿರ ಇರಲಿಲ್ಲ.
ಇದ್ದದ್ದು ಜೂನ್ ತಿಂಗಳ ಕಾಗದ, ಅವರದೇ ಸಹಿ:
ವಾರಕ್ಕೆ ಎರಡು ಗಂಟೆ ಮಾತಿನ ತರಬೇತಿ,
ಗದ್ದಲವಿಲ್ಲದ ಒಂದು ಮೂಲೆ.
ಈಗ ನವೆಂಬರ್. ಕೊಟ್ಟದ್ದು ಒಟ್ಟು ಮೂರು ಗಂಟೆ.

ಟಿಕೆಟ್ಟಿನ ಹಿಂದೆ ಎಂಟು ರೂಪಾಯಿ ಅಂತ ಬರೆದುಕೊಟ್ಟ ಮೇಲೆ
ಅದು ದಾನ ಅಲ್ಲ ಸಾರ್, ಬಾಕಿ.
ಕೇಳೋಕೆ ಬಾರದವರು ಹಾಗೇ ಇಳಿದುಹೋದರೆ
ಕಂಡಕ್ಟರಿಗೆ ಲಾಭ.
ನಾನೂ ಮಾಡಿದ್ದೇನೆ ಅದನ್ನ,
ಎಷ್ಟು ಸಲ ಅಂತ ಲೆಕ್ಕ ಇಟ್ಟಿಲ್ಲ.
ಇವನದ್ದು ಇಟ್ಟಿದ್ದೇನೆ.

ಯಾರೋ ಕೆಮ್ಮಿದರು. ‘ಸೋಮವಾರದಿಂದ ನೋಡೋಣ.’
ಬರೆದು ಕೊಡಿ, ಅಂದೆ.
ಬರೆದರು. ಒಂದು ಗಂಟೆ.
ಇನ್ನೊಂದಕ್ಕೆ ಮತ್ತೆ ಬರುತ್ತೇನೆ,
ಇದೇ ಸೀರೆ ಉಟ್ಟು.

‘ಕಲಂ ಖಾಲಿ ಬಿಟ್ಟಿದ್ದೀರಿ’ ಅಂತ
ಗುಮಾಸ್ತೆ ಗೇಟಿನವರೆಗೂ ಓಡಿಬಂದಳು.
ನಿಂತೇ ಬರೆದೆ: ಕಂಡಕ್ಟರ್, ನಿವೃತ್ತ.
‘ಅದು ಉದ್ಯೋಗ ಮೇಡಂ.’
ಹೌದೇ? ಇರಲಿ ಬಿಡಮ್ಮ.

ಬಸ್ಸಿನಲ್ಲಿ ನನಗೆ ಸೊನ್ನೆ ಟಿಕೆಟ್ಟು, ಅವನಿಗೆ ಅರ್ಧ.
ಮೀಸೆ ಮೊಳೆಯುತ್ತಿದ್ದ ಕಂಡಕ್ಟರು
ಅರ್ಧದ ಹಿಂದೆ 4 ಎಂದು ಗೀಚಿ ಮುಂದೆ ಹೋದ.
ಅಮ್ಮ ಅಂತ ಅವನು ಒಮ್ಮೆಯೂ ಕರೆದಿಲ್ಲ ನನ್ನ;
ನಾನೂ ಹೇಳಿಕೊಟ್ಟಿಲ್ಲ.
ಆ ನಾಲ್ಕರ ಮೇಲೆ ಬೆರಳಿಟ್ಟು
ತಿದ್ದಿದ, ಮತ್ತೆ ತಿದ್ದಿದ,
ಕಿವಿ ಮುಚ್ಚಿಕೊಳ್ಳುವುದನ್ನೂ ಮರೆತು.

ನಮ್ಮ ಸ್ಟಾಪು ದಾಟಿತು.
ನಾನು ಹೋಲ್ಡಾನ್ ಅನ್ನಲಿಲ್ಲ.