ಎಡಕ್ಕೆ ಬಲ, ಬಲಕ್ಕೆ ಓಟ

ಹೆಸರು ಸುಲಭಾ. ತಂದದ್ದು ಕಷ್ಟ.
ಬೈತಖೋಲದ ನನ್ನ ಲೇಥಿನ ಪಕ್ಕ
ಪಾಲಿಟೆಕ್ನಿಕ್ಕಿನ ಹುಡುಗಿ ಚೀಲ ಸುರಿದಳು:
ವೈಪರ್ ಮೋಟರು, ಸುಟ್ಟ ಡ್ರಿಲ್ಲಿನ ಹಲ್ಲುಗಾಲಿ ನಾಲ್ಕು,
ಸೈಕಲ್ಲಿನ ಬ್ರೇಕ್ ತಂತಿ, ಒಂದು ಬಾಲ್‌ಪೆನ್ನು.
ಪೆನ್ನು ಯಾಕೆ ಎಂದೆ. ಲೆಕ್ಕ ಬರೆಯೋಕೆ ಎಂದಳು.

"ರೋಬೋ ಏರು ಹತ್ತಬೇಕು ಮಾಮಾ, ಬಯಲಲ್ಲಿ ಓಡಲೂಬೇಕು.
ಒಂದೇ ಗೇರಿಗೆ ಎರಡೂ ಆಗ್ತಿಲ್ಲ."

ನನಗೆ ಹೇಳುತ್ತಾಳೆ!
ಇಪ್ಪತ್ತಾರು ವರ್ಷ ಟ್ರಾಲರಿನ ಗೇರುಪೆಟ್ಟಿಗೆ ಬಿಚ್ಚಿದವನಿಗೆ.
ಜೂನ್ ತಿಂಗಳು, ಬೋಟೆಲ್ಲ ದಡದ ಮೇಲೆ,
ಕೆಲಸವೆಲ್ಲ ತಲೆಯ ಮೇಲೆ.
ಆಗೋದಿಲ್ಲ ಎಂದೆ.
ಅವಳು ಸ್ಟೂಲು ಎಳೆದು ಕೂತಳು.

ಹಳೇ ಪ್ರೊಪೆಲ್ಲರಿನ ಹಿತ್ತಾಳೆ ಬುಷ್ಷು ಕೊರೆದು
ಎರಡೂ ಮುಖಕ್ಕೆ ಮೂರು ಮೂರು ಹಲ್ಲು ಬಿಟ್ಟೆ.
ಚೌಕ ಸರಳಿನ ಮೇಲೆ ಅದು ಸರಿದಾಡಬೇಕು:
ಎಡಕ್ಕೆ ಸರಿದರೆ ದೊಡ್ಡ ಗಾಲಿ, ಬಲ.
ಬಲಕ್ಕೆ ಸರಿದರೆ ಚಿಕ್ಕದು, ಓಟ.
ನಡುವೆ ನಿಂತರೆ ಎರಡೂ ಸುಮ್ಮನೆ ಸುತ್ತುತ್ತವೆ
ಮದುವೆಮನೆಯಲ್ಲಿ ಕೆಲಸವಿಲ್ಲದ ನೆಂಟರ ಹಾಗೆ.

ಮೊದಲ ದಿನ ಹಲ್ಲಿಗೆ ಹಲ್ಲು ಎದುರಾಗಿ ನಿಂತವು, ಕಚ್ಚಲಿಲ್ಲ.
ಮರುದಿನ ಜೋರು ಮಾಡಿದಳು. ತಂತಿ ಹರಿಯಿತು.
ಕೊಂಕಣಿಯಲ್ಲಿ ಏನೋ ಬೈದಳು,
ನನಗೆ ಕೇಳಿಸಿತು, ಕೇಳಿಸಲಿಲ್ಲ.

ಆಮೇಲೆ ಆ ಪೆನ್ನು ಬಿಚ್ಚಿದೆ.
ಸ್ಪ್ರಿಂಗನ್ನು ತಂತಿಗೂ ಹಿತ್ತಾಳೆಗೂ ನಡುವೆ ಕೂರಿಸಿದೆ.
"ದೂಡಿ ಬಿಡು. ಸಂದು ಸಿಗುವ ತನಕ ಇದು ಕಾಯುತ್ತದೆ.
ನೀನು ಮಾತ್ರ ರೇಸು ಬಿಡಬೇಕು, ಒಂದು ಚಣ."

ಆ ಒಂದು ಚಣವೇ ಅವಳಿಗೆ ಬರಲಿಲ್ಲ.
ಗೆಲ್ಲಲು ಹೊರಟ ಹೆಬ್ಬೆರಳು, ಬಿಡು ಎಂದರೆ ಬಿಡುತ್ತದೆಯೇ?

ಸಂಜೆ ಬಂದರಿನ ಇಳಿಜಾರಿಗೆ ಒಯ್ದೆವು.
ಒಣ ಬಂಗುಡೆಯ ಬುಟ್ಟಿ ಹೊತ್ತ ತುಳಸಾಬಾಯಿ ನಿಂತು ಕೇಳಿದಳು:
"ಎಷ್ಟು ಕಿಲೋ ಹೊರುತ್ತೆ ಇದು?"
"ಐದು."
"ನಾನು ಮೂವತ್ತು," ಎಂದು ಏರು ಹತ್ತಿದಳು,
ಹೆಜ್ಜೆ ಗಿಡ್ಡ, ಸೊಂಟ ಗಟ್ಟಿ.
ಮೇಲೆ ಸಮತಟ್ಟು ಸಿಕ್ಕಲ್ಲಿ
ಹುಶ್ ಎಂದು ಒಂದು ಉಸಿರು ಬಿಟ್ಟಳು,
ಮತ್ತೆ ಹೆಜ್ಜೆ ಉದ್ದ, ಸರಸರ, ಕಾಣಲೇ ಇಲ್ಲ.

ಸುಲಭಾ ನೋಡುತ್ತಲೇ ಇದ್ದಳು.
ಏನೂ ಹೇಳದೆ ರಿಮೋಟು ಎತ್ತಿಕೊಂಡಳು.
ರೋಬೋ ತೆವಳಿತು, ತೆವಳಿತು, ಮೇಲೆ ಬಂತು,
ಹೆಬ್ಬೆರಳು ಎದ್ದಿತು
ಟಕ್.

ಹುಬ್ಬಳ್ಳಿಯಲ್ಲಿ ಏನಾಯಿತೋ, ಫೋನು ಬಂದಿಲ್ಲ.
ಪೆನ್ನು ಇಲ್ಲೇ ಬಿಟ್ಟು ಹೋಗಿದ್ದಾಳೆ.
ಬೋಟಿನವರ ಬಿಲ್ಲು ಬರೆಯಲು ಕೂತರೆ
ಒತ್ತಿದಷ್ಟೂ ಕಡ್ಡಿ ಒಳಗೆ ಜಾರುತ್ತದೆ.
ಹಗುರಾಗಿ ಬರೆಯುತ್ತೇನೆ.